ಪರದೆ ಸರಿಸುವ ಮುನ್ನ

(ಚಲನಚಿತ್ರ ರಸಗ್ರಹಣ ಶಿಬಿರವೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಹಿಂದೆ ಚಿತ್ರಮಂದಿರಗಳ ಮುಂದೆ, ಟೆಂಟುಗಳ ಬಾಗಿಲಲ್ಲಿ ಹಾಡಿನ ಪುಸ್ತಕ ಮಾರುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಅದರಲ್ಲಿ ಹಾಡುಗಳ ಜೊತೆ ಚಿತ್ರದ ಕಥಾಸಾರವೂ ಇರುತ್ತಿತ್ತು. ನಾಯಕಿ ಆಪತ್ತಿಗೆ ಸಿಲುಕುವ ಹೊತ್ತಿಗೆ ಸರಿಯಾಗಿ ಕಥೆ ನಿಂತುಬಿಡುತ್ತಿತ್ತು. ಉಳಿದುದನ್ನು ಬೆಳ್ಳಿತೆರೆಯ ಮೇಲೆ ನೋಡಿ ಎಂಬ ಒಕ್ಕಣೆಯೊಂದಿಗೆ ಪುಟ ಮುಗಿಯುತ್ತಿತ್ತು. ಎಷ್ಟು ಹೇಳಬೇಕು, ಎಲ್ಲಿ ನಿಲ್ಲಿಸಬೇಕು ಎಂಬ ಇದೇ ಲೆಕ್ಕಾಚಾರವನ್ನು ಟ್ರೇಲರ್ ಕ್ಯಾಮೆರಾದ ಮೂಲಕ ಮಾಡುತ್ತದೆ.

‘ಟ್ರೇಲರ್’ ಎಂದರೆ ಹಿಂದಿನಿಂದ ಬರುವುದು ಎಂದರ್ಥ. ಮುಖ್ಯ ಚಿತ್ರಕ್ಕಿಂತ ಮೊದಲೇ ಬರುವ ತುಣುಕಿಗೆ ಈ ಹೆಸರೇಕೆ? 1910ರ ದಶಕದಲ್ಲಿ ಅಮೆರಿಕದಲ್ಲಿ ಇವನ್ನು ಚಿತ್ರ ಮುಗಿದ ನಂತರ ತೋರಿಸುತ್ತಿದ್ದರು. ‘ಶುಭಂ’ ಕಂಡೊಡನೆ ಎದ್ದು ಹೊರಡುವುದು ಎಲ್ಲ ದೇಶದ ಪ್ರೇಕ್ಷಕರ ಅಭ್ಯಾಸ ತಾನೆ? ಹಾಗಾಗಿ ಅದು ಮುಂದಕ್ಕೆ ಬಂತು, ಹೆಸರು ಮಾತ್ರ ಹಿಂದೆಯೇ ಉಳಿಯಿತು. 1919ರಲ್ಲಿ ‘ನ್ಯಾಷನಲ್ ಸ್ಕ್ರೀನ್ ಸರ್ವಿಸ್’ ಎಂಬ ಸಂಸ್ಥೆ ಹುಟ್ಟಿಕೊಂಡ ಬಳಿಕ ಟ್ರೇಲರ್ ತಯಾರಿಕೆಯೇ ಒಂದು ಉದ್ಯಮವಾಗಿ ಬೆಳೆಯಿತು.

ಒಂದೇ ಮುಖ, ಮೂರು ಭಾವ

ಎರಡು–ಎರಡೂವರೆ ನಿಮಿಷಗಳಲ್ಲಿ ಪಾತ್ರಗಳ ಪರಿಚಯಕ್ಕೇ ಸಮಯ ಸಾಲದು. ಹಾಗಿದ್ದೂ ಟ್ರೇಲರ್ ನೋಡಿ ಕಣ್ಣು ಒದ್ದೆಯಾಗುವುದುಂಟು, ಎದೆ ಢವಗುಟ್ಟುವುದುಂಟು. ಇದರ ಗುಟ್ಟನ್ನು ರಷ್ಯಾದ ಲೆವ್ ಕುಲೆಶೋವ್ ಸುಮಾರು ನೂರು ವರ್ಷಗಳ ಹಿಂದೆಯೇ ತೋರಿಸಿಕೊಟ್ಟ. ಇವಾನ್ ಮೋಜುಖಿನ್ ಎಂಬ ನಟನ ನಿರ್ಭಾವುಕ ಮುಖದ ಸಮೀಪ ಚಿತ್ರಿಕೆಯೊಂದನ್ನು ಆತ ತೆಗೆದುಕೊಂಡ. ಅದರ ಪಕ್ಕಕ್ಕೆ ಒಮ್ಮೆ ಸೂಪಿನ ಬಟ್ಟಲು, ಒಮ್ಮೆ ಶವಪೆಟ್ಟಿಗೆ, ಇನ್ನೊಮ್ಮೆ ಹೆಣ್ಣಿನ ಚಿತ್ರಿಕೆಯನ್ನು ಜೋಡಿಸಿದ. ಪ್ರೇಕ್ಷಕರಿಗೆ ಅದೇ ಮುಖದಲ್ಲಿ ಕ್ರಮವಾಗಿ ಹಸಿವು, ದುಃಖ, ಮೋಹ ಕಂಡವು.

ಅಂದರೆ ಭಾವ ಹುಟ್ಟುವುದು ಎರಡು ಚಿತ್ರಿಕೆಗಳ ನಡುವಿನ ಸಂದಿಯಲ್ಲಿ. ಅದನ್ನು ತುಂಬುವವನು ಪ್ರೇಕ್ಷಕ. ಟ್ರೇಲರ್ ಸಂಕಲನಕಾರನ ಬಂಡವಾಳ ಇದೇ. ಚಿತ್ರದಲ್ಲಿ ಎಲ್ಲೋ ಇರುವ ಮುಖವನ್ನು ಮತ್ತೆಲ್ಲೋ ಇರುವ ಬಾಗಿಲಿನ ಪಕ್ಕ ಇಟ್ಟರೆ ಸಾಕು, ಬಾಗಿಲ ಹಿಂದೆ ಏನಿದೆ ಎಂಬ ಆತಂಕ ತಾನಾಗಿಯೇ ಮೂಡುತ್ತದೆ.

ಬಾಂಬು ಮತ್ತು ಮೇಜು

ಕುತೂಹಲ ಬೇರೆ, ಬೆಚ್ಚಿಬೀಳುವುದು ಬೇರೆ. ಆಲ್‌ಫ್ರೆಡ್ ಹಿಚ್‌ಕಾಕ್ 1962ರಲ್ಲಿ ಫ್ರೆಂಚ್ ನಿರ್ದೇಶಕ ಟ್ರುಫೊ ಜೊತೆ ಮಾತನಾಡುತ್ತಾ ಇದಕ್ಕೊಂದು ಉದಾಹರಣೆ ಕೊಟ್ಟಿದ್ದ. ಇಬ್ಬರು ಹರಟುತ್ತಿರುವಾಗ ಮೇಜಿನ ಕೆಳಗಿದ್ದ ಬಾಂಬು ಥಟ್ಟನೆ ಸಿಡಿದರೆ ಪ್ರೇಕ್ಷಕನಿಗೆ ಸಿಗುವುದು ಹದಿನೈದು ಸೆಕೆಂಡುಗಳ ಆಘಾತ ಮಾತ್ರ. ಬಾಂಬು ಇರುವುದನ್ನು ಅವನಿಗೆ ಮೊದಲೇ ತೋರಿಸಿಬಿಟ್ಟರೆ? ಅದೇ ಹರಟೆ ಹದಿನೈದು ನಿಮಿಷ ಉಸಿರು ಬಿಗಿಹಿಡಿಸುತ್ತದೆ.

ಆದರೆ ಟ್ರೇಲರಿನಲ್ಲಿ ಬಾಂಬನ್ನು ತೋರಿಸಬೇಕು, ಅದು ಯಾರ ಮೇಜಿನ ಕೆಳಗಿದೆ ಎಂಬುದನ್ನು ಬಚ್ಚಿಡಬೇಕು. ಈ ಸಂಕಟವನ್ನು ಹಿಚ್‌ಕಾಕ್ ಸ್ವತಃ ಎದುರಿಸಿದ್ದು 1960ರ ‘ಸೈಕೋ’ ಚಿತ್ರದಲ್ಲಿ. ಪ್ಯಾರಮೌಂಟ್ ಸಂಸ್ಥೆಗೆ ಆ ಕಥೆ ಹಿಡಿಸಿರಲಿಲ್ಲ. ಆತ ತನ್ನದೇ ಕಂಪನಿಯ ಹಣ ಹಾಕಿ, ತನ್ನ ಟೆಲಿವಿಷನ್ ಮಾಲಿಕೆಯ ತಂತ್ರಜ್ಞರನ್ನೇ ಬಳಸಿ, ಕಪ್ಪು–ಬಿಳುಪಿನಲ್ಲಿ ಸುಮಾರು 8 ಲಕ್ಷ ಡಾಲರಿನಲ್ಲಿ ಚಿತ್ರ ಮುಗಿಸಿದ. ಕಥೆಯಲ್ಲಿ ಜನಪ್ರಿಯ ನಟಿ ಜಾನೆಟ್ ಲೀ ಅರ್ಧ ದಾರಿಯೂ ಸವೆಯುವ ಮುನ್ನ ಸ್ನಾನದ ಕೋಣೆಯಲ್ಲಿ ಕೊಲೆಯಾಗುತ್ತಾಳೆ. ಈ ಗುಟ್ಟು ರಟ್ಟಾದರೆ ಚಿತ್ರವೂ ಹೋಯಿತು, ಹಾಕಿದ ಹಣವೂ ಹೋಯಿತು.

ಮನೆ ತೋರಿಸಿದ ಯಜಮಾನ

ಆರು ನಿಮಿಷಕ್ಕೂ ಹೆಚ್ಚು ಉದ್ದದ ಆ ಟ್ರೇಲರಿನಲ್ಲಿ ಕಥೆಯ ದೃಶ್ಯಗಳೇ ಇಲ್ಲ. ಹಿಚ್‌ಕಾಕ್ ತಾನೇ ಮಾರ್ಗದರ್ಶಿಯಂತೆ ಬಂದು ಮೋಟೆಲ್ಲನ್ನೂ ಅದರ ಹಿಂದಿನ ಹಳೇ ಮನೆಯನ್ನೂ ಸುತ್ತಿ ತೋರಿಸುತ್ತಾನೆ. ಆರಂಭದಲ್ಲಿ ಹಿನ್ನೆಲೆಗೆ ಲಘುವಾದ, ಲವಲವಿಕೆಯ ಸಂಗೀತ. ಮೆಟ್ಟಿಲ ಬಳಿ ನಿಂತು ಇಲ್ಲೊಂದು ಕೊಲೆಯಾಯಿತು ಎನ್ನುತ್ತಾನೆ. ವಿವರಿಸತೊಡಗಿ ಅರ್ಧಕ್ಕೇ ತಡೆಯುತ್ತಾನೆ. ಮನೆಯೊಡತಿಯ ದಬ್ಬಾಳಿಕೆಗೆ ಸಿಕ್ಕ ಯುವಕನ ಬಗ್ಗೆ ಮರುಕಪಡುತ್ತಾನೆ. ಹೀಗೆ ಬಾಂಬನ್ನು ತೋರಿಸುತ್ತಲೇ ಪ್ರೇಕ್ಷಕರ ಅನುಮಾನವನ್ನು ಬೇರೆಡೆಗೆ ತಿರುಗಿಸುತ್ತಾನೆ.

ಇಷ್ಟು ಹೊತ್ತೂ ಕ್ಯಾಮೆರಾ ಅವಸರವಿಲ್ಲದೆ ಅವನ ಹಿಂದೆ ಹೋಗುತ್ತದೆ. ಅವನನ್ನು ಸ್ವಲ್ಪ ದೂರದಿಂದ, ಸುತ್ತಲ ಗೋಡೆ, ಬಾಗಿಲುಗಳೊಂದಿಗೆ ತೋರಿಸುವುದರಿಂದ ಪ್ರೇಕ್ಷಕನ ಕಣ್ಣು ಪ್ರತಿ ಮೂಲೆಯನ್ನೂ ತಾನೇ ಹುಡುಕತೊಡಗುತ್ತದೆ. ಕೊನೆಗೆ ಸ್ನಾನದ ಕೋಣೆ. ಎಲ್ಲ ಈಗ ಸ್ವಚ್ಛವಾಗಿದೆ. ಹಿಚ್‌ಕಾಕ್ ಕೈ ಚಾಚಿ ಷವರಿನ ಪರದೆಯನ್ನು ಸರ್ರನೆ ಸರಿಸುತ್ತಾನೆ. ತೆರೆಯ ತುಂಬ ಚೀರುವ ಹೆಣ್ಣಿನ ಮುಖ!

ಆ ಸಮೀಪ ಚಿತ್ರಿಕೆಗೆ ಅಷ್ಟು ಬಲ ಬಂದದ್ದು ಅದಕ್ಕೂ ಹಿಂದಿನ ಆರು ನಿಮಿಷಗಳ ನಿಧಾನದಿಂದ. ಇನ್ನೊಂದು ತಮಾಷೆಯೂ ಇದೆ. ಚೀರಿದವಳು ಜಾನೆಟ್ ಲೀ ಅಲ್ಲ, ವಿಗ್ ತೊಟ್ಟ ವೆರಾ ಮೈಲ್ಸ್. ಆಕೆ ಚಿತ್ರದಲ್ಲಿ ನಾಯಕಿಯ ತಂಗಿ. ಪರದೆಯ ಹಿಂದಿನ ಮುಖವನ್ನು ತೋರಿಸಿಯೂ ಗುಟ್ಟು ಉಳಿಯಿತು. ಚಿತ್ರ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡಕೂಡದೆಂದು ಚಿತ್ರಮಂದಿರಗಳಿಗೆ ಕಟ್ಟುನಿಟ್ಟು ಮಾಡಲಾಯಿತು. ಚಿತ್ರ ಭಾರಿ ಯಶಸ್ಸು ಕಂಡಿತು.

ಅಲುಗದ ಕ್ಯಾಮೆರಾ

ಸ್ಟಾನ್ಲಿ ಕುಬ್ರಿಕ್ ತನ್ನ ‘ದಿ ಶೈನಿಂಗ್’ (1980) ಚಿತ್ರಕ್ಕೆ ಹಿಡಿದ ದಾರಿ ಇನ್ನೂ ವಿಚಿತ್ರ. ಇಡೀ ಟ್ರೇಲರಿಗೆ ಒಂದೇ ಚಿತ್ರಿಕೆ: ಹೋಟೆಲಿನ ಲಿಫ್ಟ್ ಬಾಗಿಲುಗಳು. ಕ್ಯಾಮೆರಾ ಅಲುಗುವುದಿಲ್ಲ, ನಟರಿಲ್ಲ, ಮಾತಿಲ್ಲ. ಹೆಸರುಗಳು ಕೆಳಗಿನಿಂದ ಮೇಲಕ್ಕೆ ಸರಿಯುತ್ತವೆ, ಕರ್ಕಶ ಸ್ವರವೊಂದು ಏರುತ್ತದೆ. ಈಗ ಚಿತ್ರಿಕೆ ಬದಲಾದೀತು ಎಂದು ಕಾಯುತ್ತಿರುವಾಗಲೇ ಬಾಗಿಲ ಸಂದಿಯಿಂದ ರಕ್ತ ಪ್ರವಾಹದಂತೆ ನುಗ್ಗಿ, ಪೀಠೋಪಕರಣಗಳನ್ನು ತಳ್ಳಿಕೊಂಡು ಕ್ಯಾಮೆರಾದ ಮೇಲೆಯೇ ಬೀಳುತ್ತದೆ. ಬೇರೆ ಕಡೆ ನೋಡಲು ಬಿಡದ ಕ್ಯಾಮೆರಾವೇ ಇಲ್ಲಿ ಭಯದ ಮೂಲ.

ಸ್ಟೀವನ್ ಸ್ಪಿಲ್‌ಬರ್ಗ್‌ನ ‘ಜಾಸ್’ (1975) ಟ್ರೇಲರಿನಲ್ಲಿ ಕ್ಯಾಮೆರಾ ಶಾರ್ಕಿನ ಕಣ್ಣಾಗಿ ನೀರಿನಡಿ ಸಾಗುತ್ತದೆ. ಬೇಟೆಯಾಡುವ ಪ್ರಾಣಿ ಕಾಣದು, ಬೇಟೆ ಮಾತ್ರ ಕಾಣುತ್ತದೆ. ನೋಡುವವನೇ ಬೇಟೆಗಾರನಾಗುವ ಈ ಕಸಿವಿಸಿ ಯಾವ ಅಬ್ಬರದ ಮಾತಿಗೂ ದಕ್ಕದು.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ. 2000ದಲ್ಲಿ ಬಂದ ‘ಕಾಸ್ಟ್ ಅವೇ’ ಚಿತ್ರದ ನಾಯಕ ವಿಮಾನ ಅಪಘಾತದಲ್ಲಿ ನಿರ್ಜನ ದ್ವೀಪ ಸೇರುತ್ತಾನೆ. ಅವನು ಬದುಕಿ ಊರಿಗೆ ಮರಳುವುದನ್ನು ಟ್ರೇಲರೇ ತೋರಿಸಿಬಿಟ್ಟಿತ್ತು. ಏನು ಸಿಗುತ್ತದೆಂದು ತಿಳಿದರೆ ಮಾತ್ರ ಜನ ಟಿಕೆಟ್ ಕೊಳ್ಳುತ್ತಾರೆ ಎಂಬುದು ಮಾರುವವರ ವಾದ. ಅದರಲ್ಲಿ ಹುರುಳಿಲ್ಲದಿಲ್ಲ. ಆದರೆ ಹಾಗೆ ಮಾರಿದ ಟಿಕೆಟ್ಟಿನ ಜೊತೆಗೆ, ಅವನು ಉಳಿದಾನೋ ಇಲ್ಲವೋ ಎಂದು ಕತ್ತಲಲ್ಲಿ ಚಡಪಡಿಸುವ ಸುಖವನ್ನು ಪ್ರೇಕ್ಷಕನಿಂದ ಕಿತ್ತುಕೊಂಡಂತಾಗುವುದಿಲ್ಲವೆ?

ಇಂದು ಟ್ರೇಲರ್ ಎಲ್ಲರ ಅಂಗೈಯ ಮೊಬೈಲಿಗೇ ಬಂದಿದೆ. ಒಮ್ಮೆ ಅದರ ಸದ್ದು ಅಡಗಿಸಿ ನೋಡಿ. ಯಾವ ಮುಖದ ಪಕ್ಕ ಏನಿದೆ, ಕ್ಯಾಮೆರಾ ಯಾರ ಕಣ್ಣಾಗಿದೆ, ಯಾವ ಬಾಗಿಲನ್ನು ತೆರೆಯದೆ ಬಿಟ್ಟಿದೆ ಎಂಬುದು ಕಾಣತೊಡಗುತ್ತದೆ. ಹಾಡಿನ ಪುಸ್ತಕದ ಆ ಹಳೆಯ ಒಕ್ಕಣೆಯನ್ನು ಬರೆದವರಿಗೆ ಗೊತ್ತಿದ್ದದ್ದೂ ಇಷ್ಟೇ: ಉಳಿಸಿಕೊಂಡ ಕಥೆಯೇ ಜನರನ್ನು ಟೆಂಟಿನೊಳಗೆ ಕರೆತರುತ್ತದೆ.