ಕೂಲಂಕಷ ಅಂದ್ರೆ ಎರಡೂ ದಡ

‘ಒಂದು ಕಲ್ಲನ್ನೂ ಮಗುಚದೆ ಬಿಡಲ್ಲ’. ತನಿಖೆ ಅಂದ ಕೂಡಲೇ ಇಂಗ್ಲಿಷಿನವರು ಆಡುವ ಮಾತಿದು. ಗ್ರೀಕರ ಕಾಲದ್ದು. ಹೂತಿಟ್ಟ ನಿಧಿ ಹುಡುಕುತ್ತಿದ್ದವನಿಗೆ, ಪ್ರತಿ ಕಲ್ಲನ್ನೂ ಎತ್ತಿ ನೋಡು ಅಂತ ಡೆಲ್ಫಿಯ ದೈವವಾಣಿ ಹೇಳಿತಂತೆ. ನಮ್ಮಲ್ಲಿ ಅದಕ್ಕಿಂತ ಗಟ್ಟಿ ಪದ ಇದೆ: ಕೂಲಂಕಷ. ‘ಕೂಲಂಕುಶ’ ಅಲ್ಲ, ಸ್ಕ್ರೋಲ್ ಬರೆಯುವವರು ದಯವಿಟ್ಟು ಗಮನಿಸಿ! ಕೂಲ ಅಂದರೆ ದಡ, ಕಷ ಅಂದರೆ ಉಜ್ಜುವುದು. ಮಳೆಗಾಲದಲ್ಲಿ ಸಕಲೇಶಪುರದ ಸೇತುವೆ ಮೇಲೆ ನಿಂತು ಹೇಮಾವತಿಯನ್ನು ನೋಡಿ. ಎರಡೂ ದಡ ಕೊರೆದುಕೊಂಡು ಹೋಗ್ತಾಳಲ್ಲ, ಅದು ಕೂಲಂಕಷ.

2023ರ ಡಿಸೆಂಬರ್ 4. ಯಸಳೂರು ವಲಯದಲ್ಲಿ ಕಾಡಾನೆ ಸೆರೆ ಕಾರ್ಯಾಚರಣೆ. ಎಂಟು ಸಲ ಅಂಬಾರಿ ಹೊತ್ತ ಅರ್ಜುನ ಒಂಟಿ ಸಲಗದ ಜೊತೆ ಕಾದಾಡಿ ಪ್ರಾಣ ಬಿಟ್ಟ. ಕಾಲಿಗೆ ಗುಂಡು ತಗುಲಿತ್ತು ಎಂಬ ಆರೋಪ ಬಂತು, ಇಲಾಖೆ ಅಲ್ಲಗಳೆಯಿತು, ತನಿಖೆಗೆ ಆದೇಶವೂ ಆಯ್ತು.

ಆ ದಿನ ಕಾಡಲ್ಲಿ ಏನಾಯ್ತು ಅನ್ನೋದು ಒಂದು ದಡ. ಇನ್ನೊಂದು ದಡ 2012ರಲ್ಲಿದೆ. ಹೈಕೋರ್ಟ್ ಸೂಚನೆಯಂತೆ ಪ್ರೊ. ರಾಮನ್ ಸುಕುಮಾರ್ ಅಧ್ಯಕ್ಷತೆಯಲ್ಲಿ ರಚನೆಯಾಗಿದ್ದ ಆನೆ ಕಾರ್ಯಪಡೆ, ಆಲೂರು-ಸಕಲೇಶಪುರದ ಆನೆಗಳನ್ನು ಹಿಡಿದು ಸಾಗಿಸಿ ಅಂತ ವರದಿ ಕೊಟ್ಟಿತು. ಇಪ್ಪತ್ತಕ್ಕೂ ಹೆಚ್ಚು ಆನೆ ಹಿಡಿದರು. ಆದರೂ ಇವತ್ತಿಗೂ ಕಾಫಿ ತೋಟದ ಕೆಲಸಕ್ಕೆ ಹೊರಡುವ ತಾಯಿ ಮೊದಲು ಮೊಬೈಲ್ ನೋಡ್ತಾಳೆ, ಆನೆ ಎಲ್ಲಿದೆ ಅಂತ. ಖಾಲಿ ಮಾಡಿದ ಜಾಗಕ್ಕೆ ಮತ್ತೆ ಯಾಕೆ ಬಂದವು? ಹಿಡಿಯೋದೊಂದೇ ದಾರಿಯಾ? ಅರ್ಜುನನನ್ನು ಆ ಕಾಡಿಗೆ ಕರೆತಂದದ್ದೇ ಈ ಪ್ರಶ್ನೆ. ಇದನ್ನು ಬಿಟ್ಟು ಬರೆದ ವರದಿಯನ್ನು ನಾನಂತೂ ಕೂಲಂಕಷ ಅನ್ನಲಾರೆ.