ನಿಲ್ಲಿಸಲು ಜಾಗವಿದೆಯೆ?

ನಮ್ಮಲ್ಲಿ ಯಾರಾದರೂ ಕಾರು ಕೊಂಡರೆ ನೆಂಟರಿಷ್ಟರು ಕೇಳುವ ಪ್ರಶ್ನೆಗಳು ಎಲ್ಲರಿಗೂ ಗೊತ್ತು. ಎಷ್ಟಾಯಿತು, ಲೀಟರಿಗೆ ಎಷ್ಟು ಕೊಡುತ್ತದೆ, ಮೊದಲ ಪ್ರಯಾಣ ಧರ್ಮಸ್ಥಳಕ್ಕೋ ತಿರುಪತಿಗೋ? ಜಪಾನಿನಲ್ಲಿ ಕಾರು ಕೊಳ್ಳಲು ಹೊರಟ ನನಗೆ ಎದುರಾದ ಮೊದಲ ಪ್ರಶ್ನೆ ಇವುಗಳಲ್ಲಿ ಯಾವುದೂ ಅಲ್ಲ. ‘ಎಲ್ಲಿ ನಿಲ್ಲಿಸುತ್ತೀರಿ?’ ಎಂದು ಕೇಳಿದರು. ಕಾರೆಂದರೆ ಓಡುವ ವಸ್ತು ಎಂದು ನಂಬಿದ್ದ ನನಗೆ, ಅದು ಆಯುಷ್ಯದ ಬಹುಪಾಲನ್ನು ನಿಂತೇ ಕಳೆಯುತ್ತದೆ ಎಂಬ ಸರಳ ಸತ್ಯ ಹೊಳೆದದ್ದು ಆಗಲೇ.

2012ರ ವಸಂತದಲ್ಲಿ ನಾನು ಉದ್ಯೋಗನಿಮಿತ್ತ ಹಮಾಮಾತ್ಸು ನಗರಕ್ಕೆ ಹೋದೆ. ಅದು ಜಪಾನಿನ ಶಿಜುವೊಕಾ ಪ್ರಾಂತದಲ್ಲಿ, ಶಾಂತಸಾಗರದ ದಡದಲ್ಲಿರುವ ಊರು. ಪಿಯಾನೋಗಳಿಗೂ ಮೋಟಾರು ವಾಹನಗಳಿಗೂ ಹೆಸರಾದದ್ದು. 1983ರ ಡಿಸೆಂಬರಿನಲ್ಲಿ ನಮ್ಮ ದೇಶದ ರಸ್ತೆಗಿಳಿದ ಮಾರುತಿ 800 ಕಾರಿನ ಮೂಲ ಪುರುಷ ಸುಜುಕಿ ಸಂಸ್ಥೆಯ ಆಲ್ಟೊ ಅಷ್ಟೆ. ಆ ಸಂಸ್ಥೆಯ ಕೇಂದ್ರ ಕಚೇರಿ ಇರುವುದು ಈ ಊರಿನಲ್ಲಿಯೇ. ತುಮಕೂರಿನ ನನಗೆ ಅಲ್ಲಿ ಪರಿಚಿತವಾಗಿ ಕಂಡ ಹೆಸರೆಂದರೆ ಅದೊಂದೇ.

ಮೊದಲ ವರ್ಷ ಬೈಸಿಕಲ್ಲು ಮತ್ತು ಬಸ್ಸುಗಳಲ್ಲಿ ಕಳೆಯಿತು. ಚಳಿಗಾಲದಲ್ಲಿ ಆ ಊರಿನ ಮೇಲೆ ಒಂದು ಒಣಗಾಳಿ ಬೀಸುತ್ತದೆ. ಅದಕ್ಕೆ ಎದುರಾಗಿ ಬೈಸಿಕಲ್ಲು ತುಳಿಯುವಾಗ ಮನುಷ್ಯ ಮುಂದೆ ಹೋಗುತ್ತಿದ್ದಾನೆಯೋ ನಿಂತಿದ್ದಾನೆಯೋ ತಿಳಿಯದು. ಅದನ್ನೂ ಸಹಿಸಿಕೊಂಡೆವು. ಆದರೆ ಒಂದು ರಾತ್ರಿ ಮೂರು ವರ್ಷದ ಮಗಳಿಗೆ ಜ್ವರ ನೆತ್ತಿಗೇರಿತು. ಬಸ್ಸುಗಳು ನಿಂತಿದ್ದವು. ಟ್ಯಾಕ್ಸಿಯನ್ನು ಕರೆಯಲು ನನ್ನ ಹರಕುಮುರುಕು ಜಪಾನೀ ಭಾಷೆಯಲ್ಲಿ ವಿಳಾಸ ಹೇಳುತ್ತ ಹೇಳುತ್ತ ಅರ್ಧ ಗಂಟೆ ಕಳೆಯಿತು. ಮಗು ಬೆಳಗಾಗುವುದರೊಳಗೆ ಚೇತರಿಸಿಕೊಂಡಿತು. ಚೇತರಿಸಿಕೊಳ್ಳದವಳು ನಮ್ಮಾಕೆ. ‘ರೀ, ಒಂದು ಕಾರು ತೊಗೊಳ್ಳಲೇಬೇಕು’ ಎಂದಳು.

ನಾನು ಹಿಂಜರಿದದ್ದು ದುಡ್ಡಿಗಾಗಿ ಅಲ್ಲ. ನನ್ನ ಕರಾರು ಎರಡು ವರ್ಷದ್ದು. ಭಾನುವಾರ ಭಾನುವಾರ ಅಣ್ಣನಿಂದ, ಎಂದರೆ ನನ್ನ ತಂದೆಯವರಿಂದ, ದೂರವಾಣಿ ಬರುತ್ತಿತ್ತು. ಅವರು ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು. ಅವರು ಯಾವಾಗ ಬರುತ್ತೀಯೆ ಎಂದು ಒಮ್ಮೆಯೂ ಕೇಳಿದವರಲ್ಲ. ‘ಅಲ್ಲಿ ಈಗ ಗಂಟೆ ಎಷ್ಟು?’ ಎಂದು ಮಾತ್ರ ಕೇಳುತ್ತಿದ್ದರು. ಮೂರೂವರೆ ಗಂಟೆಯ ವ್ಯತ್ಯಾಸ ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಮಂಚ, ಮೇಜು, ಬೈಸಿಕಲ್ಲುಗಳನ್ನು ಕೊಂಡವನು ನಾಳೆಯೇ ಕೊಟ್ಟು ಹೊರಡಬಹುದು. ಕಾರು ಕೊಂಡವನು ಹೊರಡುವವನಂತೆ ಕಾಣುವುದಿಲ್ಲ.

ಮೊದಲು ಚಾಲನಾ ಪರವಾನಗಿ ಆಗಬೇಕು. ಅಂತರರಾಷ್ಟ್ರೀಯ ಪರವಾನಗಿ ಅಲ್ಲಿ ನಡೆಯುವುದು ಒಂದು ವರ್ಷ ಮಾತ್ರ; ನನ್ನ ಗಡುವು ಮುಗಿದಿತ್ತು. ನಮ್ಮ ದೇಶದ ಪರವಾನಗಿಯನ್ನು ಜಪಾನೀ ಭಾಷೆಗೆ ಅನುವಾದ ಮಾಡಿಸಿ, ಅಲ್ಲಿಯ ಪರೀಕ್ಷೆಗೆ ಕುಳಿತೆ. ಆಗ ಹತ್ತು ಪ್ರಶ್ನೆಗಳಿದ್ದವು, ಏಳಕ್ಕೆ ಸರಿಯುತ್ತರ ಕೊಟ್ಟರೆ ಸಾಕಿತ್ತು. 2025ರ ಅಕ್ಟೋಬರಿನಿಂದ ಅದನ್ನು ಐವತ್ತು ಪ್ರಶ್ನೆಗಳಿಗೆ ಏರಿಸಿದ್ದಾರೆ. ಬರವಣಿಗೆಯಲ್ಲಿ ಗೆದ್ದ ನಾನು ಗಾಡಿ ನಡೆಸುವುದರಲ್ಲಿ ಸೋತೆ. ನಮ್ಮಂತೆ ಅವರೂ ಎಡಗಡೆಯಲ್ಲಿಯೇ ಹೋಗುವವರು. ಹನ್ನೊಂದು ವರ್ಷ ಬಿ. ಎಚ್. ರಸ್ತೆಯಲ್ಲಿ ಲಾರಿಗಳ ನಡುವೆ ನುಸುಳಿದವನಿಗೆ ಇದೇನು ಮಹಾ ಎಂದುಕೊಂಡಿದ್ದೆ. ಎಡಕ್ಕೆ ತಿರುಗುವ ಮೊದಲು ಹಿಂದೆ ಬೈಸಿಕಲ್ಲು ಬರುತ್ತಿದೆಯೇ ಎಂದು ಕತ್ತು ಹೊರಳಿಸಿ ನೋಡಲಿಲ್ಲವೆಂದು ಒಮ್ಮೆ ಹೋಯಿತು. ಬಲಕ್ಕೆ ತಿರುಗುವಾಗ ಹೆಚ್ಚು ಅಗಲಕ್ಕೆ ಸುತ್ತಿದೆನೆಂದು ಇನ್ನೊಮ್ಮೆ ಹೋಯಿತು. ಬೈಸಿಕಲ್ಲೇ ಇಲ್ಲದ ಪರೀಕ್ಷಾ ಮೈದಾನದಲ್ಲಿ ಬೈಸಿಕಲ್ಲನ್ನು ಹುಡುಕುವ ಶ್ರದ್ಧೆ ನನಗೆ ಬಂದದ್ದು ಮೂರನೆಯ ಸಲ. ಹಾರನ್ನನ್ನು ಅಗತ್ಯವಿಲ್ಲದೆ ಒತ್ತಬಾರದೆಂಬುದೂ, ಗೇಟು ತೆರೆದಿದ್ದರೂ ಪ್ರತಿಯೊಂದು ರೈಲ್ವೆ ದಾಟುವಿನಲ್ಲಿ ನಿಂತೇ ಹೊರಡಬೇಕೆಂಬುದೂ ಅಲ್ಲಿಯ ಕಾನೂನು. ನನ್ನ ಬಲಗೈ ಹೆಬ್ಬೆರಳಿಗೆ ಹಾರನ್ನನ್ನು ಮರೆಯಲು ಆರು ತಿಂಗಳು ಹಿಡಿಯಿತು.

ಹಳೆಯ ಕಾರುಗಳನ್ನು ಮಾರುವ ಅಂಗಡಿಯೊಂದರ ಮೇಲೆ ಪೋರ್ಚುಗೀಸ್ ಭಾಷೆಯ ಫಲಕವಿತ್ತು. ಇಪ್ಪತ್ತನೆಯ ಶತಮಾನದ ಆರಂಭದಿಂದ ಬ್ರೆಜಿಲಿಗೆ ವಲಸೆ ಹೋದ ಜಪಾನೀಯರ ಮಕ್ಕಳು ಮೊಮ್ಮಕ್ಕಳು, 1990ರಲ್ಲಿ ವಲಸೆಯ ಕಾನೂನು ಬದಲಾದ ಮೇಲೆ, ಕಾರ್ಖಾನೆಗಳ ಕೆಲಸಕ್ಕಾಗಿ ತಾತಂದಿರ ನಾಡಿಗೆ ಮರಳಿದರು. ಹಮಾಮಾತ್ಸುವಿನಲ್ಲಿ ಅವರ ಸಂಖ್ಯೆ ದೊಡ್ಡದು. ಅಂಗಡಿಯಾತನೂ ಅಂಥವನೇ. ಮುಖ ಜಪಾನಿನದು, ಮಾತು ಬ್ರೆಜಿಲಿನದು. ‘ಬಣ್ಣ ನೋಡಬೇಡಿ, ಗಾಜಿನ ಮೇಲಿನ ಚೀಟಿ ನೋಡಿ’ ಎಂದ. ಶಾಕೆನ್ ಎಂಬ ಕಡ್ಡಾಯ ತಪಾಸಣೆಯ ಚೀಟಿ ಅದು. ಹೊಸ ಕಾರಿಗೆ ಮೂರು ವರ್ಷಕ್ಕೆ, ಆಮೇಲೆ ಎರಡೆರಡು ವರ್ಷಕ್ಕೊಮ್ಮೆ ತಪಾಸಣೆ ಆಗಲೇಬೇಕು. ಖರ್ಚು ಬಹಳವಾದ್ದರಿಂದ ಹಳೆಯ ಕಾರಿನ ಬೆಲೆಯಲ್ಲಿ ಉಳಿದ ತಿಂಗಳುಗಳೂ ಸೇರಿರುತ್ತವೆ. ನಾನು ಒಪ್ಪಿದ್ದು ಒಂಬತ್ತು ವರ್ಷದ ಬಿಳಿಯ ಟೊಯೋಟಾ ವಿಟ್ಸ್. ಅದಕ್ಕೆ ಒಂದು ವರ್ಷ ಏಳು ತಿಂಗಳು ಉಳಿದಿತ್ತು. ಲೆಕ್ಕದ ಚೀಟಿಯ ಕೊನೆಯಲ್ಲಿ ಒಂದು ಸಣ್ಣ ಮೊಬಲಗು ಕಂಡು ಏನೆಂದು ಕೇಳಿದೆ. ಕಾರು ಸತ್ತ ಮೇಲೆ ಅದನ್ನು ಬಿಚ್ಚಿ ವಿಲೇವಾರಿ ಮಾಡುವ ಠೇವಣಿಯಂತೆ. 2005ರಿಂದ ಈ ಪದ್ಧತಿ ಜಾರಿಯಲ್ಲಿದೆ. ಮೊದಲ ಮಾಲೀಕ ಕಟ್ಟಿದ್ದನ್ನು ಎರಡನೆಯವನು ಅವನಿಗೆ ಕೊಟ್ಟು ತನ್ನದಾಗಿಸಿಕೊಳ್ಳಬೇಕು. ಮನೆ ತುಂಬಿಸಿಕೊಳ್ಳುವ ದಿನವೇ ಉತ್ತರಕ್ರಿಯೆಯ ಖರ್ಚು!

ಕ್ರಯಕ್ಕೆ ರುಜು ಹಾಕಲು ಲೇಖನಿ ತೆಗೆದೆ. ಅಲ್ಲಿ ರುಜುವಿಗಿಂತ ಮುದ್ರೆಗೆ ಮಾನ. ಹಾಂಕೊ ಎಂಬ ಆ ಮುದ್ರೆಯನ್ನು ಕೆತ್ತಿಸಿ, ನಗರ ಕಚೇರಿಯಲ್ಲಿ ನೋಂದಾಯಿಸಿ, ಇದು ಇವನದೇ ಎಂಬ ಪ್ರಮಾಣಪತ್ರ ತರಬೇಕು. ಮುದ್ರೆ ಎಂಟು ಮಿಲಿಮೀಟರಿಗಿಂತ ಚಿಕ್ಕದಾಗಿರಬಾರದು, ಇಪ್ಪತ್ತೈದಕ್ಕಿಂತ ದೊಡ್ಡದಾಗಿರಬಾರದು. ನಾಲ್ಕು ಊರುಗಳ ಉದ್ದವಿದ್ದ ನನ್ನ ಹೆಸರನ್ನು ನೋಡಿ ಕೆತ್ತುವವನು ನಿಟ್ಟುಸಿರಿಟ್ಟ. ಕೊನೆಗೆ ‘ಮೂರ್ತಿ’ ಎಂಬಷ್ಟನ್ನು ಕತಕಾನ ಲಿಪಿಯಲ್ಲಿ ಕೆತ್ತಿಕೊಟ್ಟ. ನನ್ನ ತಾತ ಹೆಬ್ಬೆಟ್ಟು ಒತ್ತುತ್ತಿದ್ದರು. ಅಣ್ಣ ಓದಿ, ಚಂದವಾಗಿ ರುಜು ಹಾಕುವುದನ್ನು ಕಲಿತು, ಅದನ್ನೊಂದು ಆಸ್ತಿಯಂತೆ ನನಗೆ ಕೊಟ್ಟರು. ನಾನು ಸಮುದ್ರ ದಾಟಿ ಬಂದು ಕೆಂಪು ಶಾಯಿಯಲ್ಲಿ ಅದ್ದಿ ಮತ್ತೆ ಒತ್ತಿದೆ.

ಇನ್ನು ಉಳಿದದ್ದು ಮೊದಲ ಪ್ರಶ್ನೆ. 1962ರ ಕಾನೂನೊಂದರ ಪ್ರಕಾರ, ಕಾರು ನಿಲ್ಲಿಸಲು ರಸ್ತೆಯಲ್ಲದ ಒಂದು ಸ್ಥಳವನ್ನು ತೋರಿಸಿ ಪೋಲೀಸರಿಂದ ಪತ್ರ ಪಡೆಯದೆ ಕಾರು ನಿಮ್ಮ ಹೆಸರಿಗೆ ಬರುವುದಿಲ್ಲ. ಆ ಸ್ಥಳ ಮನೆಯಿಂದ ಎರಡು ಕಿಲೋಮೀಟರಿನ ಒಳಗಿರಬೇಕು. ನಮ್ಮ ಮನೆಯಂಗಳದಲ್ಲಿ ತೆರವಿರಲಿಲ್ಲ. ಬೀದಿಬೀದಿಗಳಲ್ಲಿ ಒಂದೇ ಹೆಸರಿನ ಫಲಕಗಳನ್ನು ನಾನು ಮೊದಲೇ ಕಂಡಿದ್ದೆ. ಆಗತಾನೆ ಕಲಿತ ಅಕ್ಷರಗಳನ್ನು ಕೂಡಿಸಿ ‘ಗೆಕ್ಕ್ಯೋಕು’ ಎಂದು ಓದಿ, ಇಷ್ಟೊಂದು ನಿವೇಶನಗಳುಳ್ಳ ಈ ಗೆಕ್ಕ್ಯೋಕು ಎಂಥ ಸಾಹುಕಾರನಿರಬೇಕು ಎಂದು ಬೆರಗಾಗಿದ್ದೆ. ಅದನ್ನು ‘ತ್ಸುಕಿಗಿಮೆ’ ಎಂದು ಓದಬೇಕಂತೆ. ತಿಂಗಳ ಬಾಡಿಗೆಯದು ಎಂದರ್ಥ. ಜಪಾನಿನ ಮಕ್ಕಳೂ ಹಾಗೆಯೇ ಮೋಸಹೋಗುತ್ತಾರೆಂದು ತಿಳಿದು ಸಮಾಧಾನವಾಯಿತು.

ಅಂಥದೊಂದು ಸ್ಥಳದ ಒಡೆಯ ಎಂಬತ್ತರ ಹತ್ತಿರದ ಮುದುಕ. ಒಂದು ಕಾಲಕ್ಕೆ ಅಲ್ಲಿ ಅವನ ಕಿತ್ತಳೆ ತೋಟವಿತ್ತು. ಈಗ ಜಲ್ಲಿ ಹರಡಿ, ಹಗ್ಗದಿಂದ ಹನ್ನೆರಡು ಅಂಕಣ ಮಾಡಿದ್ದ. ಏಳನೆಯದನ್ನು ನನಗೆ ಕೊಟ್ಟು, ಒಪ್ಪಿಗೆಪತ್ರಕ್ಕೆ ತನ್ನ ಮುದ್ರೆಯೊತ್ತಿದ. ಪೋಲೀಸರಿಗೆ ಕೊಡುವ ಅರ್ಜಿಯಲ್ಲಿ ಎರಡು ನಕ್ಷೆಗಳನ್ನು ಬರೆಯಬೇಕಿತ್ತು: ಮನೆಗೂ ಆ ಸ್ಥಳಕ್ಕೂ ಇರುವ ದಾರಿ, ಮತ್ತು ಅಂಕಣದ ಅಳತೆ. ಬಾಲ್ಯದಲ್ಲಿ ಅಣ್ಣ ನನ್ನನ್ನು ಕೂರಿಸಿ ನಕ್ಷೆ ಬರೆಸುತ್ತಿದ್ದರು. ದೇವಾಲಯ, ಗದ್ದೆ, ಸೇತುವೆ, ಉತ್ತರಕ್ಕೊಂದು ಬಾಣ. ಆ ರಾತ್ರಿ ಅದೇ ಅಭ್ಯಾಸದಿಂದ ಬರೆದು ಮುಗಿಸಿ ನೋಡಿದಾಗ ಎದೆ ಝಲ್ಲೆಂದಿತು. ಹಮಾಮಾತ್ಸುವಿನ ಒಂದು ಮೂಲೆಯನ್ನು ನಾನು ಕಣ್ಣುಮುಚ್ಚಿ ಬರೆಯುವಷ್ಟು ಅರಿತಿದ್ದೆ. ತುಮಕೂರಿನ ನಮ್ಮ ಬೀದಿಯಲ್ಲಿ ಈಗ ಯಾವ ಮನೆ ಇದೆ, ಯಾವುದು ಬಿದ್ದಿದೆ ಎಂಬುದು ನನಗೆ ಗೊತ್ತಿರಲಿಲ್ಲ.

ಕಾರು ಬಂದ ದಿನ ನಮ್ಮಾಕೆ ಗಾಲಿಗಳ ಕೆಳಗೆ ನಾಲ್ಕು ನಿಂಬೆಹಣ್ಣುಗಳನ್ನಿಟ್ಟಳು. ಜಲ್ಲಿಯ ಮೇಲೆ ರಸ ಸಿಡಿದದ್ದನ್ನು ಮುದುಕ ಬಾಗಿ ನೋಡಿದ. ದೃಷ್ಟಿ ತಾಗದಿರಲೆಂದು ಇಟ್ಟದ್ದು ಎಂದು ವಿವರಿಸಿದೆ. ಅವನಿಗೆ ಅದರಲ್ಲಿ ಅಚ್ಚರಿಯೇನೂ ಕಾಣಲಿಲ್ಲ. ‘ನಾವೂ ಹೊಸ ಗಾಡಿಯನ್ನು ದೇವಾಲಯಕ್ಕೆ ಒಯ್ಯುತ್ತೇವೆ, ಪೂಜಾರಿ ಬಿಳಿಯ ಕಾಗದದ ಚಾಮರ ಬೀಸುತ್ತಾನೆ’ ಎಂದ. ನಂಬರು ಫಲಕಗಳಲ್ಲಿ ‘ಶಿ’ ಎಂಬ ಅಕ್ಷರ ಇರುವುದಿಲ್ಲವೆಂದೂ, ಅದು ಸಾವೆಂಬ ಮಾತಿನ ಉಚ್ಚಾರವೆಂದೂ, 42 ಎಂದು ಕೊನೆಯಾಗುವ ಸಂಖ್ಯೆಯನ್ನೂ ಕೇಳದೆ ಕೊಡುವುದಿಲ್ಲವೆಂದೂ ಹೇಳಿದ. ಯಂತ್ರಗಳ ನಾಡೂ ಯಂತ್ರವನ್ನಷ್ಟೇ ನಂಬಿಲ್ಲ. ಅಪ್ಪಚ್ಚಿಯಾದ ನಿಂಬೆಯನ್ನು ಹೆಕ್ಕಿ ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದೆವು.

ಭಾನುವಾರ ಅಣ್ಣನಿಗೆ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೇಳಿದರು: ‘ಎಷ್ಟು ವರ್ಷ ಬರುತ್ತಪ್ಪ ಆ ಕಾರು?’

‘ಇನ್ನೂ ಐದಾರು ವರ್ಷಕ್ಕೆ ಮೋಸವಿಲ್ಲ ಅಣ್ಣ’ ಎಂದೆ ಹೆಮ್ಮೆಯಿಂದ.

‘ಓಹೋ’ ಎಂದರು. ಆ ‘ಓಹೋ’ದಲ್ಲಿ ಅವರು ಏನನ್ನು ಎಣಿಸಿಕೊಂಡರೆಂಬುದು ನನಗೆ ದೂರವಾಣಿಯನ್ನು ಕೆಳಗಿಟ್ಟ ಮೇಲೆ ತಿಳಿಯಿತು.

2015ರ ಏಪ್ರಿಲಿನಲ್ಲಿ ಅಣ್ಣ ನಮ್ಮಲ್ಲಿಗೆ ಬಂದರು. ಶಾಕೆನ್ ಮುಗಿಯುವ ತಿಂಗಳು ಅದು. ನಾನು ಆಗಲೇ ಮತ್ತೆರಡು ವರ್ಷಕ್ಕೆ ಕಟ್ಟಿದ್ದೆ. ಕಾರಿನಲ್ಲಿ ಹಮಾನಾ ಸರೋವರವನ್ನೆಲ್ಲ ಸುತ್ತಿಸಿದೆ. ಅವರು ಹೆಚ್ಚು ಮಾತಾಡಲಿಲ್ಲ. ಸಂಜೆ ಅಂಕಣದಲ್ಲಿ ಗಾಡಿ ನಿಲ್ಲಿಸಿದಾಗ ಇಳಿದು, ಹಗ್ಗವನ್ನು ಕಾಲಿನಿಂದ ಮುಟ್ಟಿ ನೋಡಿ, ‘ಈ ಜಾಗ ಸ್ವಂತದ್ದೇನೋ?’ ಎಂದರು.

‘ಇಲ್ಲ ಅಣ್ಣ, ಬಾಡಿಗೆ. ತಿಂಗಳ ಬಾಡಿಗೆ.’

‘ಹಾಗಾದರೆ ಸರಿ’ ಎಂದು ಮುಂದೆ ನಡೆದರು. ಇಡೀ ಪ್ರವಾಸದಲ್ಲಿ ಅವರ ಮುಖ ಅರಳಿದ್ದನ್ನು ನಾನು ಕಂಡದ್ದು ಆಗ.

2018ರಲ್ಲಿ ಹಿಂದಿರುಗಿದೆವು. ಕಾರನ್ನು ಅದೇ ಅಂಗಡಿಯಾತನಿಗೆ ಕೊಟ್ಟೆ. ಊರು ಬಿಡುವುದಾಗಿ ನಗರ ಕಚೇರಿಗೆ ತಿಳಿಸಿದಾಗ ಮುದ್ರೆಯ ನೋಂದಣಿ ತಾನಾಗಿಯೇ ರದ್ದಾಯಿತು. ಈಗದು ನನ್ನ ಮೇಜಿನ ಖಾನೆಯಲ್ಲಿದೆ. ಮಗಳು ಆಗಾಗ ಕಾಗದದ ಮೇಲೆ ಒತ್ತಿ ಆಡುತ್ತಾಳೆ.

ತುಮಕೂರಿನ ಮನೆಯ ಮುಂದೆ ಇಳಿದಾಗ ನಾನು ಬಾಗಿಲನ್ನು ಗುರುತಿಸದೆ ನಿಂತೆ. ಹಳೆಯ ಕಿರುಗೇಟು ಇರಲಿಲ್ಲ. ಅಗಲವಾದ ಕಬ್ಬಿಣದ ಗೇಟು ಬಂದಿತ್ತು. ತೆಂಗಿನಗರಿ ಸೌದೆಗಳ ರಾಶಿಯಿದ್ದ ಕಡೆ ನೆಲ ಸಮಮಾಡಿ ಕಲ್ಲು ಹಾಸಿದ್ದರು. ನಮ್ಮ ಮನೆಯಲ್ಲಿ ಎಂದೂ ಕಾರಿರಲಿಲ್ಲ. ಸ್ಕೂಟರಿಗೇ ಅಣ್ಣ ಹೆಸರು ಬರೆಸಿ ವರ್ಷಗಟ್ಟಲೆ ಕಾದಿದ್ದರು.

‘ಇದೇನಣ್ಣ?’ ಎಂದೆ.

‘ಮೊದಲು ಜಾಗ ತೋರಿಸಬೇಕು ಅಂತ ನೀನೇ ಹೇಳಿದ್ದೆಯಲ್ಲ’ ಎಂದರು ಅಣ್ಣ, ಗೇಟಿನ ಚಿಲಕ ತೆಗೆಯುತ್ತ.