ಇದ್ದಿಲಿನ ತುಂಡೋ, ಇದ್ದಿಲಿನ ಉಂಡೆಯೋ?

(ಹೊಸಹಳ್ಳಿಯಲ್ಲಿ ಆಡಿದ ಮಾತುಗಳ ಬರಹರೂಪ)



ಈ ಊರಿನ ತರುಣನೊಬ್ಬ ನನಗೆ ಕೇಳಿದ ಪ್ರಶ್ನೆಯಿಂದಲೇ ಇಂದಿನ ಮಾತು ಆರಂಭಿಸುತ್ತೇನೆ. ಚಿತ್ರದುರ್ಗದಿಂದ ಹೊಸಪೇಟೆಗೆ ಹೋಗುವ ಹೆದ್ದಾರಿಯ ಬದಿಯಲ್ಲಿ ಒಂದು ಸಣ್ಣ ಖಾನಾವಳಿ ಇಡಬೇಕೆಂಬುದು ಅವನ ಆಸೆ. ಕಬ್ಬಿಣದ ಡ್ರಮ್ಮಿಗೆ ಜಾಲರಿ, ಮುಚ್ಚಳ, ಗಾಳಿಕಿಂಡಿ ಇರಿಸಿ, ಕೋಳಿಯನ್ನೂ ಮೀನನ್ನೂ ಹೊಗೆಯಲ್ಲಿ ನಿಧಾನವಾಗಿ ಬೇಯಿಸುವ ಒಲೆಯೊಂದನ್ನು ಹಿತ್ತಲಲ್ಲಿ ಮಾಡಿಸಿ ಇಟ್ಟಿದ್ದಾನೆ. “ಸಾರ್, ಅಂಗಡೀಲಿ ಎಲ್ಡು ನಮೂನಿ ಇದ್ಲು ಐತೆ. ಒಂದು ಮರದ ತುಂಡಿನಂಗೇ ಐತೆ, ಇನ್ನೊಂದು ಮಿಷನ್ನಿನಾಗೆ ಒತ್ತಿದ ಬಿಲ್ಲೆ. ಯಾವ್ದು ತರ್ಲಿ?” ಎಂದ.

ಒಂದೇ ಮಾತಿನಲ್ಲಿ ಉತ್ತರ ಹೇಳಬಹುದಿತ್ತು. ಆದರೆ ಆ ಎರಡು ಚೀಲಗಳ ಹಿಂದೆ ದೊಡ್ಡ ಕಥೆಯೇ ಇದೆ. ಅದರಲ್ಲಿ ನಮ್ಮ ಕಮ್ಮಾರರಿದ್ದಾರೆ, ಅಜ್ಜಿಯಂದಿರಿದ್ದಾರೆ, ಕೆರೆಯಂಗಳದ ಜಾಲಿಯಿದೆ, ಗುಡೇಕೋಟೆಯ ಕರಡಿಯೂ ಇದೆ. ಅದನ್ನು ತಿಳಿದು ಆರಿಸಿದರೆ ಆರಿಸಿದ್ದಕ್ಕೆ ಅರ್ಥವಿರುತ್ತದೆ.

ಮೊದಲು ಇದ್ದಿಲು ಎಂದರೇನು ನೋಡೋಣ. ಮರವನ್ನು ಬಯಲಿನಲ್ಲಿ ಉರಿಸಿದರೆ ಉಳಿಯುವುದು ಬೂದಿ. ಅದೇ ಮರವನ್ನು ಒಟ್ಟಿ, ಮೇಲೆ ಸೊಪ್ಪುಸದೆ ಹಾಸಿ, ಮಣ್ಣು ಮೆತ್ತಿ, ಗಾಳಿಯನ್ನು ಬಿಗಿಹಿಡಿದು ಸುಟ್ಟರೆ ಉಳಿಯುವುದು ಇದ್ದಿಲು. ಮರದೊಳಗಿನ ನೀರು ಮೊದಲು ಆವಿಯಾಗುತ್ತದೆ, ಬಳಿಕ ಹೊಗೆಯಾಗುವ ಅನಿಲಗಳೂ ಟಾರೂ ಹೊರಟುಹೋಗುತ್ತವೆ. ಶಾಖ 400-500 ಡಿಗ್ರಿ ಸೆಲ್ಸಿಯಸ್ ತಲುಪುವ ಹೊತ್ತಿಗೆ ಒಳಗೆ ನಿಲ್ಲುವುದು ಬಹುಪಾಲು ಇಂಗಾಲ ಮಾತ್ರ. ಭಟ್ಟಿ ಕಾಯುವವನು ಉಷ್ಣಮಾಪಕ ಹಿಡಿದು ಕೂರುವುದಿಲ್ಲ. ಅವನು ಹೊಗೆಯ ಬಣ್ಣ ನೋಡುತ್ತಾನೆ. ದಟ್ಟ ಬಿಳಿ ಹೊಗೆ ಬಂದರೆ ನೀರು ಹೋಗುತ್ತಿದೆ, ಹಳದಿಯಾದರೆ ಮರ ಬೇಯುತ್ತಿದೆ, ತೆಳುವಾಗಿ ನೀಲಿಗೆ ತಿರುಗಿದರೆ ಕೆಲಸ ಮುಗಿಯಿತು ಎಂದು ಅರ್ಥ. ಆಗ ಕಿಂಡಿಗಳನ್ನೆಲ್ಲ ಮುಚ್ಚಿ ಆರಲು ಬಿಡಬೇಕು. ಆತುರಪಟ್ಟು ತೆರೆದರೆ ಗಾಳಿ ನುಗ್ಗಿ ಭಟ್ಟಿಯೇ ಹೊತ್ತಿ ಉರಿದು, ದುಡಿಮೆಯೆಲ್ಲ ಬೂದಿಯಾಗುತ್ತದೆ.

ಈ ಕೆಲಸಕ್ಕೆ ತೆರುವ ಬೆಲೆ ಕಡಮೆಯದಲ್ಲ. ಮಣ್ಣಿನ ಭಟ್ಟಿಯಲ್ಲಿ ಒಂದು ಕಿಲೋ ಇದ್ದಿಲಿಗೆ ನಾಲ್ಕೈದು ಕಿಲೋ ಸೌದೆ ಬೇಕು. ಒಣಸೌದೆಯ ಒಂದು ಕಿಲೋದಲ್ಲಿ ಸುಮಾರು 3,500 ಕಿಲೋಕ್ಯಾಲರಿ ಶಾಖವಿದ್ದರೆ ಇದ್ದಿಲಿನಲ್ಲಿ ಸುಮಾರು 7,000 ಇರುತ್ತದೆ. ತೂಕ ಐದರಲ್ಲೊಂದು ಪಾಲಿಗೆ ಇಳಿಯಿತು, ಶಾಖ ಎರಡರಷ್ಟೇ ಆಯಿತು. ಲೆಕ್ಕ ಹಾಕಿ ನೋಡಿ, ಮರದಲ್ಲಿದ್ದ ಶಾಖದ ಐದರಲ್ಲಿ ಮೂರು ಪಾಲು ಭಟ್ಟಿಯಲ್ಲೇ ಹೊಗೆಯಾಗಿ ಹೋಯಿತು. ಹೀಗಿದ್ದೂ ಮನುಷ್ಯ ಸಾವಿರಾರು ವರ್ಷಗಳಿಂದ ಇದ್ದಿಲನ್ನು ಬಿಟ್ಟಿಲ್ಲ. ಅದು ಹೊರಲು ಹಗುರ, ಉರಿಯಲು ಹೊಗೆಯಿಲ್ಲ, ಶಾಖವಂತೂ ಸೌದೆಗೆ ನಿಲುಕದಷ್ಟು.

ಆ ಶಾಖವಿಲ್ಲದಿದ್ದರೆ ನಮಗೆ ಕಬ್ಬಿಣವೇ ಇರುತ್ತಿರಲಿಲ್ಲ. ಸಂಡೂರಿನ ಬೆಟ್ಟಗಳ ಅದಿರು ಇಂದು ಲಾರಿಗಟ್ಟಲೆ ಹೋಗುವುದನ್ನು ನಾವೆಲ್ಲ ನೋಡುತ್ತೇವೆ. ಹಿಂದಿನ ಕಾಲದಲ್ಲಿ ಅದಿರಿನಿಂದ ಕಬ್ಬಿಣವನ್ನು ಬಿಡಿಸುತ್ತಿದ್ದುದು ತಿದಿಯ ಗಾಳಿ ಮತ್ತು ಇದ್ದಿಲು. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸುತ್ತಾಡಿದ ಫ್ರಾನ್ಸಿಸ್ ಬುಕನನ್ ಇಂಥ ಕುಲುಮೆಗಳನ್ನು ಕಂಡು ವಿವರವಾಗಿ ಬರೆದಿಟ್ಟಿದ್ದಾನೆ. ಭದ್ರಾವತಿಯಲ್ಲಿ 1923ರ ಜನವರಿಯಲ್ಲಿ ಹೊತ್ತಿದ ಮೈಸೂರು ಕಬ್ಬಿಣದ ಕಾರ್ಖಾನೆಯ ಊದುಕುಲುಮೆ ಕೂಡ ಉರಿದದ್ದು ಇದ್ದಿಲಿನಿಂದಲೇ. ಮಲೆನಾಡಿನ ಮರವನ್ನು ಅಲ್ಲಿ ಇದ್ದಿಲು ಮಾಡುವಾಗ, ಹಳ್ಳಿಯ ಭಟ್ಟಿಯಲ್ಲಿ ಗಾಳಿಪಾಲಾಗುವ ಹೊಗೆಯನ್ನು ಹಿಡಿದು ತಣಿಸಿ, ಅದರಿಂದ ಮದ್ಯಸಾರವನ್ನೂ ಟಾರನ್ನೂ ತೆಗೆಯುತ್ತಿದ್ದರು. ಎರಡನೆಯ ಮಹಾಯುದ್ಧದ ಕಾಲಕ್ಕೆ ಪೆಟ್ರೋಲು ಸಿಗದಾದಾಗ ಬಸ್ಸುಗಳ ಬೆನ್ನಿಗೆ ಒಲೆ ಕಟ್ಟಿ ಇದ್ದಿಲಿನ ಗ್ಯಾಸಿನಿಂದ ಓಡಿಸಿದರು.

ಈಗ ತುಂಡು, ಉಂಡೆಗಳ ವಿಚಾರಕ್ಕೆ ಬರೋಣ. ಯಾವ ಕೆಲಸಕ್ಕೆ ಯಾವ ಇದ್ದಿಲು ಎಂಬ ವಿವೇಕ ನಮ್ಮ ಊರುಗಳಿಗೆ ಹೊಸದಲ್ಲ. ಕಮ್ಮಾರನಿಗೆ ಬೇಕಾದದ್ದು ಗಟ್ಟಿಮರದ ತುಂಡು. ತಿದಿ ಒತ್ತಿದೊಡನೆ ಅದು ಕೆಂಪೇರಬೇಕು, ಬಿಟ್ಟೊಡನೆ ತಗ್ಗಬೇಕು. ಅಕ್ಕಸಾಲಿಗನ ಅಗ್ಗಿಷ್ಟಿಕೆಗೂ ಇಸ್ತ್ರಿ ಪೆಟ್ಟಿಗೆಗೂ ತೆಂಗಿನ ಕರಟದ ಇದ್ದಿಲು ಒಪ್ಪುತ್ತಿತ್ತು. ಇನ್ನು ಮನೆಯ ಅಜ್ಜಿ ಏನು ಮಾಡುತ್ತಿದ್ದಳು? ಚೀಲದ ತಳದಲ್ಲಿ ಉಳಿದ ಇದ್ದಿಲ ಪುಡಿಯನ್ನು ಸಗಣಿಯೊಂದಿಗೆ ಕಲಸಿ, ಉಂಡೆ ಕಟ್ಟಿ, ಬಿಸಿಲಿಗೆ ಒಣಗಿಸುತ್ತಿದ್ದಳು. ಅದು ಧಗಧಗ ಉರಿಯುತ್ತಿರಲಿಲ್ಲ. ಮೈತುಂಬ ಬೂದಿ ಹೊದ್ದು, ಒಳಗೆ ಕೆಂಪಾಗಿ, ಹಾಲು ಕಾಯುವಷ್ಟು ಹೊತ್ತು, ನೀರು ಬೆಚ್ಚಗಿರುವಷ್ಟು ಹೊತ್ತು ಇರುತ್ತಿತ್ತು. ‘ಬೂದಿ ಮುಚ್ಚಿದ ಕೆಂಡ’ ಎಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ.

ಆ ತರುಣ ಅಂಗಡಿಯಲ್ಲಿ ಕಂಡ ಬಿಲ್ಲೆ, ಅಂದರೆ ಬ್ರಿಕೆಟ್, ಈ ಇದ್ದಿಲುಂಡೆಯ ದೂರದ ದಾಯಾದಿ. ಅಮೆರಿಕದಲ್ಲಿ ಅದನ್ನು ಮನೆಮಾತಾಗಿಸಿದವನು ಕಾರು ತಯಾರಿಸಿದ ಹೆನ್ರಿ ಫೋರ್ಡ್. ಅವನ ‘ಮಾಡೆಲ್ ಟಿ’ ಕಾರಿಗೆ ಮರದ ಭಾಗಗಳು ಬೇಕಾಗುತ್ತಿದ್ದವು. ಕಾರ್ಖಾನೆಯಲ್ಲಿ ರಾಶಿ ಬಿದ್ದ ಮರದ ಚೂರನ್ನು ಎಸೆಯಲು ಮನಸ್ಸಾಗದೆ, 1920ರ ದಶಕದಲ್ಲಿ ಅದನ್ನು ಇದ್ದಿಲು ಮಾಡಿಸಿ, ಪುಡಿಯನ್ನು ಪಿಷ್ಟದಿಂದ ಅಂಟಿಸಿ ಬಿಲ್ಲೆಯಾಗಿ ಒತ್ತಿಸಿ ಮಾರಿದ. ನಮ್ಮ ಅಜ್ಜಿಗೂ ಫೋರ್ಡನಿಗೂ ಇದ್ದ ಚಿಂತೆ ಒಂದೇ, ಪುಡಿ ಪೋಲಾಗಬಾರದು. ಅಜ್ಜಿ ಸಗಣಿ ಬಳಸಿದಳು, ಫೋರ್ಡ್ ಪಿಷ್ಟ ಬಳಸಿದ.

ಇವೆರಡರ ಗುಣವನ್ನು ಒಲೆಯ ಮುಂದೆ ನಿಂತು ಹೋಲಿಸಬೇಕು. ತುಂಡು ಇದ್ದಿಲು ಬೇಗ ಹೊತ್ತುತ್ತದೆ, ಹೆಚ್ಚು ಕಾಯುತ್ತದೆ, ಬೂದಿ ಕಡಮೆ. ಗಾಳಿಕಿಂಡಿಯನ್ನು ತುಸು ತೆರೆದರೆ ಏರುತ್ತದೆ, ಮುಚ್ಚಿದರೆ ಇಳಿಯುತ್ತದೆ. ಆದರೆ ಒಂದು ತುಂಡು ಮುಂಗೈ ದಪ್ಪ, ಇನ್ನೊಂದು ಬೆರಳಿನಷ್ಟು. ಹಾಗಾಗಿ ಉರಿ ಸಮನಾಗಿರುವುದಿಲ್ಲ, ಪದೇ ಪದೇ ತುಂಬುತ್ತಿರಬೇಕು. ಬಿಲ್ಲೆಗಳೆಲ್ಲ ಒಂದೇ ಗಾತ್ರದವು. ಹೊತ್ತಲು ತಡ, ಶಾಖ ಸ್ವಲ್ಪ ಕಡಮೆ, ಆದರೆ ಗಂಟೆಗಟ್ಟಲೆ ಒಂದೇ ಮಟ್ಟದಲ್ಲಿ ನಿಲ್ಲುತ್ತವೆ. ಬೂದಿ ಹೆಚ್ಚು, ಆಗಾಗ ಕೆದಕಿ ತೆಗೆಯದಿದ್ದರೆ ಕೆಳಗಿನ ಗಾಳಿಕಿಂಡಿ ಕಟ್ಟಿಕೊಳ್ಳುತ್ತದೆ.

ಕೆಂಡದ ಮೇಲೆ ಹತ್ತು ನಿಮಿಷದಲ್ಲಿ ಮಾಂಸ ಸುಡುವುದಿದ್ದರೆ, ಮೆಕ್ಕೆಜೋಳದ ತೆನೆ ಸುಡುವುದಿದ್ದರೆ, ತುಂಡು ಇದ್ದಿಲೇ ಮೇಲು. ಆದರೆ ಹೊಗೆಯ ಒಲೆಯ ಕೆಲಸ ಬೇರೆ. ಅಲ್ಲಿ ಶಾಖ 105ರಿಂದ 125 ಡಿಗ್ರಿಯ ಆಸುಪಾಸಿನಲ್ಲಿ ಹಲವು ಗಂಟೆ ಕದಲದೆ ನಿಲ್ಲಬೇಕು. ಅದಕ್ಕೆ ಬಿಲ್ಲೆ ತಕ್ಕದ್ದು. ಹೊಗೆಯ ರುಚಿ ಮಾತ್ರ ಎರಡರಿಂದಲೂ ಹೆಚ್ಚಾಗಿ ಬರುವುದಿಲ್ಲ ಎಂಬುದನ್ನು ಮರೆಯಬಾರದು. ಇದ್ದಿಲಿನ ಹೊಗೆ ಭಟ್ಟಿಯಲ್ಲೇ ಹೋಗಿಬಿಟ್ಟಿದೆಯಷ್ಟೆ! ಕುಳ್ಳಿನ ಕೆಂಡದಲ್ಲಿ ಸುಟ್ಟ ಸೀತನಿಯ ಪರಿಮಳ ನಿಮಗೆ ಗೊತ್ತು. ಅಂಥ ಪರಿಮಳ ಬೇಕಿದ್ದರೆ ಕೆಂಡದ ಮೇಲೆ ಒಣಗಿದ ಮಾವಿನ ಅಥವಾ ಸೀಬೆಯ ಒಂದೆರಡು ಚಕ್ಕೆ ಇಡಬೇಕು. ಬಣ್ಣ ಬಳಿದ ಮರ, ಪ್ಲೈವುಡ್ಡಿನ ಚೂರು ಸಲ್ಲದು. ಕಣಗಿಲೆಯಂತೂ ವಿಷ, ಹತ್ತಿರ ತರಬಾರದು.

ಕೊಳ್ಳುವಾಗ ಚೀಲವನ್ನು ಬಿಚ್ಚಿಸಿ ನೋಡಿ. ಚೆನ್ನಾಗಿ ಸುಟ್ಟ ತುಂಡುಗಳನ್ನು ಒಂದಕ್ಕೊಂದು ತಟ್ಟಿದರೆ ಕಣಕಣ ನಾದ ಬರುತ್ತದೆ, ಮುರಿದರೆ ಒಳಗೂ ಕಪ್ಪು ಹೊಳೆಯುತ್ತದೆ. ಒಳಗೆ ಕಂದು ಕಂಡರೆ ಅದು ಅರೆಬೆಂದ ಮರ, ಹೊಗೆಯೆಬ್ಬಿಸುತ್ತದೆ. ನೀರು ಚಿಮುಕಿಸಿದ ಇದ್ದಿಲು ತಕ್ಕಡಿಯಲ್ಲಿ ಮಾತ್ರ ಭಾರ. ಬಿಲ್ಲೆಯಾದರೆ ಅಂಟು ಪಿಷ್ಟದ್ದೇ ಎಂದು ವಿಚಾರಿಸಿ. ಕಲ್ಲಿದ್ದಲ ಪುಡಿ ಬೆರೆಸಿದ್ದು, ಬೇಗ ಹೊತ್ತಲೆಂದು ಎಣ್ಣೆ ಹಾಕಿದ್ದು ಅಡುಗೆಗೆ ಬೇಡ. ಯಾವುದೇ ಆದರೂ ಮೇಲೆ ಬೂದಿಯ ಬಿಳುಪು ಮೂಡುವವರೆಗೆ ಕಾದು, ಆಮೇಲೆ ಆಹಾರ ಇಡಿ.

ಇಲ್ಲೊಂದು ಎಚ್ಚರಿಕೆ. ಶೇಂಗಾ ಬೆಳೆಯುವ ನಮ್ಮ ಸೀಮೆಯಲ್ಲಿ ಶೇಂಗಾ ಹೊಟ್ಟನ್ನು ಒತ್ತಿ ಮಾಡಿದ ಕಂದು ದಿಂಡುಗಳನ್ನೂ ಬ್ರಿಕೆಟ್ ಎಂದೇ ಕರೆಯುತ್ತಾರೆ. ಕಾರ್ಖಾನೆಯ ಬಾಯ್ಲರಿಗೆ ಅದು ಒಳ್ಳೆಯ ಉರುವಲು. ಆದರೆ ಅದು ಇದ್ದಿಲಲ್ಲ, ಸುಡದ ಹೊಟ್ಟು. ಸೌದೆಯಂತೆಯೇ ಹೊಗೆ ಕಾರುತ್ತದೆ. ಹೆಸರು ಒಂದೇ ಎಂದು ಮೋಸಹೋಗಬೇಡಿ.

ಇದುವರೆಗೆ ಒಲೆಯ ಲೆಕ್ಕವಾಯಿತು. ಇನ್ನು ನೆಲದ ಲೆಕ್ಕ. ತುಂಡೋ ಬಿಲ್ಲೆಯೋ ಎಂದು ಕೇಳುವ ಮುನ್ನ ಕೇಳಬೇಕಾದ ಪ್ರಶ್ನೆ, ಇದು ಯಾವ ಮರದ ಇದ್ದಿಲು ಎಂಬುದು.

ನಾಡಿನ ಉದ್ದಗಲಕ್ಕೂ ‘ಬಳ್ಳಾರಿ ಜಾಲಿ’ ಎಂದು ನಮ್ಮ ಹಳೆಯ ಜಿಲ್ಲೆಯ ಹೆಸರು ಹೊತ್ತು ತಿರುಗುವ ಮರ ಈ ನೆಲದ್ದಲ್ಲ. ಅದರ ತವರು ಮಧ್ಯ ಮತ್ತು ದಕ್ಷಿಣ ಅಮೆರಿಕ. 1876-78ರ ಭೀಕರ ಬರದ ಹೊತ್ತಿನಲ್ಲಿ, 1877ರ ಸುಮಾರಿಗೆ, ಉರುವಲಿಗೆಂದು ಅದರ ಬೀಜವನ್ನು ಜಮೈಕಾದಿಂದ ಆಗಿನ ಮದರಾಸು ಪ್ರಾಂತಕ್ಕೆ ತರಿಸಿದರು. ಬಳ್ಳಾರಿಯೂ ಆಗ ಅದೇ ಪ್ರಾಂತದಲ್ಲಿತ್ತು. ಮಳೆಯಿಲ್ಲದಿದ್ದರೂ ಬದುಕುವ ಮರ. ಕಾಯಿ ತಿಂದ ಕುರಿಮೇಕೆಗಳು ಬೀಜವನ್ನು ಹೋದಲ್ಲೆಲ್ಲ ಬಿತ್ತಿದವು. ಕೆರೆಯಂಗಳ, ಹಳ್ಳದ ದಂಡೆ, ಬೀಳು ಹೊಲ ಎಲ್ಲವನ್ನೂ ಅದು ಆವರಿಸಿತು. ಬಡವರ ಒಲೆ ಉರಿಸಿದ್ದೂ ಅದೇ, ಹೊಲ ನುಂಗಿದ್ದೂ ಅದೇ. ವಿಚಿತ್ರವೆಂದರೆ ಇದರ ಒಡಹುಟ್ಟು ಮರವೊಂದು ಟೆಕ್ಸಾಸ್ ಸೀಮೆಯಲ್ಲಿ ‘ಮೆಸ್ಕೀಟ್’ ಎಂಬ ಹೆಸರಿನಲ್ಲಿದೆ. ಅಲ್ಲಿನವರು ಮಾಂಸ ಸುಡಲು ಅದರ ಇದ್ದಿಲನ್ನು ಹುಡುಕಿಕೊಂಡು ಹೋಗಿ ಕೊಳ್ಳುತ್ತಾರೆ. ನಾವು ಶಪಿಸುವ ಜಾತಿಯ ಮರಕ್ಕೆ ಅಲ್ಲಿ ಮರ್ಯಾದೆ! ಜಾಲಿಯ ಇದ್ದಿಲು ಗಟ್ಟಿ, ಕಾವು ಜೋರು. ಕಿಡಿ ಸಿಡಿಸುವ ಚಾಳಿಯೊಂದಿದೆ, ಹೊತ್ತಿಸುವಾಗ ತುಸು ದೂರ ನಿಂತರೆ ಸರಿ.

ಹಾಗಾದರೆ ಜಾಲಿಯನ್ನೆಲ್ಲ ಇದ್ದಿಲು ಮಾಡಿಬಿಡೋಣ ಎಂದರೆ ಅಲ್ಲೂ ಒಂದು ಪಾಠವಿದೆ. ಗುಜರಾತಿನ ಕಛ್ ಸೀಮೆಯ ಬನ್ನಿ ಹುಲ್ಲುಗಾವಲನ್ನು ಇದೇ ಜಾಲಿ ಆಕ್ರಮಿಸಿತ್ತು. ಅದರಿಂದ ಇದ್ದಿಲು ಮಾಡಲು 2004ರಲ್ಲಿ ಅಲ್ಲಿನ ಸರ್ಕಾರ ಅನುಮತಿ ಕೊಟ್ಟಿತು. ಜಾಲಿಯ ಜೊತೆಗೆ ನೆಲದ ಮರಗಳೂ ಭಟ್ಟಿ ಸೇರುತ್ತಿವೆಯೆಂಬ ದೂರು ಬಂದು, 2008ರಲ್ಲಿ ನಿಷೇಧ ಮತ್ತೆ ಬಂತು. ಸುಟ್ಟ ಮೇಲೆ ಮರದ ಜಾತಿ ಹೇಳುವುದು ಕಷ್ಟ. ಕರ್ನಾಟಕ ಅರಣ್ಯ ಕಾಯ್ದೆ, 1963 ಇದ್ದಿಲನ್ನು ಅರಣ್ಯೋತ್ಪನ್ನವೆಂದೇ ಎಣಿಸುವುದು ಇದಕ್ಕಾಗಿ. ನಮ್ಮ ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯ ಕಲ್ಲುಗುಡ್ಡಗಳಲ್ಲಿ ಕರಡಿಗಳಿವೆ, 2013ರಿಂದ ಅದು ಕರಡಿಧಾಮ. ಅಲ್ಲಿನ ಕುರುಚಲು ಕಾಡಿನ ಹಣ್ಣು, ಗೆದ್ದಲು, ಜೇನು ಕರಡಿಯ ಆಹಾರ. ಅಲ್ಲಿ ಕಡಿದ ಒಂದು ಗಟ್ಟಿಮರ ನಿಮ್ಮ ಒಲೆಯಲ್ಲಿ ಒಂದು ಸಂಜೆ ಉರಿದೀತು. ಅದರ ಜಾಗಕ್ಕೆ ಇನ್ನೊಂದು ಬರಲು ಈ ಮಳೆಯ ನಾಡಿನಲ್ಲಿ ಒಂದು ತಲೆಮಾರೇ ಬೇಕು.

ಕೊನೆಯದಾಗಿ, ತಾಯಂದಿರು ವಿಶೇಷವಾಗಿ ಕೇಳಬೇಕಾದ ಮಾತು. ಇದ್ದಿಲಿಗೆ ಹೊಗೆಯಿಲ್ಲ, ಅದೇ ಅದರ ಅಪಾಯ. ಕೆಂಡ ಉರಿಯುವಾಗ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಹೊರಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕೆಮ್ಮೂ ಬರಿಸುವುದಿಲ್ಲ. ಅದು ರಕ್ತ ಸೇರಿ ಆಮ್ಲಜನಕದ ಜಾಗವನ್ನು ಹಿಡಿದುಬಿಡುತ್ತದೆ. ಚಳಿಯೆಂದು ಕೆಂಡದ ಬುಟ್ಟಿಯನ್ನು ಮುಚ್ಚಿದ ಕೋಣೆಯಲ್ಲಿಟ್ಟು ಮಲಗಿದವರು ಬೆಳಿಗ್ಗೆ ಏಳದೇ ಹೋದ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದುತ್ತಲೇ ಇರುತ್ತೇವೆ. ಮೇಲೆ ಬೂದಿ ಕಂಡಿತೆಂದು ಆರಿದೆ ಎನ್ನಬೇಡಿ. ಒಲೆ ಬಯಲಲ್ಲೇ ಇರಲಿ. ಮಳೆ ಬಂದರೂ ಅದನ್ನು ಒಳಗೆ ತರಬೇಡಿ.

ಆ ತರುಣನಿಗೆ ನಾನು ಕೊಟ್ಟ ಉತ್ತರ ಇಷ್ಟು. ತಮ್ಮಾ, ಹೊಗೆಯ ಒಲೆಗೆ ಪಿಷ್ಟದ ಬಿಲ್ಲೆ ತಾ, ಸಂಜೆಯ ಗಡಿಬಿಡಿಯ ಗಿರಾಕಿಗಳಿಗೆ ಜಾಲಿಯ ತುಂಡು ತಾ. ಮಾರುವವನನ್ನು ‘ಕಿಲೋಗೆ ಎಷ್ಟು’ ಎಂದು ಕೇಳುವ ಮುಂಚೆ ‘ಯಾವ ಮರ, ಎಲ್ಲಿಯದು, ಪರವಾನಗಿ ಇದೆಯೇ’ ಎಂದು ಕೇಳು. ಚೀಲದ ತಳದ ಪುಡಿಯನ್ನು ಚೆಲ್ಲಬೇಡ, ಗಂಜಿಯಲ್ಲಿ ಕಲಸಿ ಉಂಡೆ ಕಟ್ಟಿ ಒಣಗಿಸು. ಹೇಗೆಂದು ಗೊತ್ತಾಗದಿದ್ದರೆ ನಿನ್ನ ಮನೆಯ ಅಜ್ಜಿಯನ್ನು ಕೇಳು.

ಅವನು ನಕ್ಕು, “ಅಜ್ಜಿ ಈಗ್ಲೂ ಮಾಡ್ತಾಳೆ ಸಾರ್” ಎಂದ. ಹಾಗಿದ್ದರೆ ಈ ಭಾಷಣ ಅವನಿಗೆ ಬೇಕಿರಲಿಲ್ಲವೇನೋ.